ಸಮುದಾಯ ಗುಂಪುಗಳ ವಿಡಿಯೊ ಸಭೆಗೆ ಸ್ವತಂತ್ರ ತಂತ್ರಾಂಶದ ಆಯ್ಕೆ

(ಪಂಚಾಯತ್ ಅಭಿವೃದ್ಧಿ ಅಧಿಕಾರಿ, ಗ್ರಾಮ ಪಂಚಾಯತ್ ಕೊಲ್ಲಮೊಗ್ರು, ಸುಳ್ಯ ತಾಲ್ಲೂಕು)



2022ರ ಆಗಸ್ಟ್ ತಿಂಗಳ ಆರಂಭದಲ್ಲಿ ಹರಿಹರ ಪಲ್ಲತ್ತಡ್ಕ, ಕೊಲ್ಲಮೊಗ್ರು, ಕಲ್ಮಕಾರು ಭಾಗಗಳಲ್ಲಿ ಸುರಿದ ಮಳೆಗೆ ತೋಡು, ಹೊಳೆಗಳು ಉಕ್ಕಿ ಹರಿದು ರಸ್ತೆ, ಸೇತುವೆ ಹಾಗೂ ತೋಟಗಳಿಗೆ ಉಂಟಾದ ಹಾನಿ ತಮಗೆಲ್ಲ ತಿಳಿದಿರುವ ವಿಷಯ. ಅಂತಹ ವರ್ಷವಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಘಟ್ಟದ ತಪ್ಪಲಿನ ಬೈಲುಗಳಿಂದ ಪಂಚಾಯತ್ ಕಚೇರಿಯವರೆಗೆ ಬಂದು ಹೋಗುವುದು ಅರ್ಧ ದಿನದ ಕೆಲಸ. ಈ ನಾಲ್ಕು ತಿಂಗಳಲ್ಲಿ ಗುಂಪುಗಳ ಸಭೆಗಳು ನಿಲ್ಲುವುದಿಲ್ಲ. ಹಾಜರಾತಿ ಮಾತ್ರ ಕುಗ್ಗುತ್ತದೆ. ಕಾಲುಸಂಕದ ಆಚೆಗಿನ ಮನೆಯವರು ಬಾರದ ದಿನ ಅವರ ಪಾಲಿನ ನೀರಿನ ಸರದಿ, ಅವರ ಸಾಲದ ಕಂತು, ಅವರ ಮಕ್ಕಳ ಅಂಗನವಾಡಿಯ ದುರಸ್ತಿ ಇವೆಲ್ಲವೂ ಅವರಿಲ್ಲದೆಯೇ ತೀರ್ಮಾನವಾಗುತ್ತವೆ. ವಿಡಿಯೊ ಸಭೆಯ ಪ್ರಶ್ನೆ ನಮ್ಮಲ್ಲಿ ಹುಟ್ಟುವುದು ಈ ಕಾರಣದಿಂದ.

ಮೊದಲಿಗೆ ಒಂದು ಗಡಿಯನ್ನು ಸ್ಪಷ್ಟಪಡಿಸುವುದು ಅಗತ್ಯ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಅನ್ವಯ ನಡೆಯತಕ್ಕ ಗ್ರಾಮಸಭೆ, ವಾರ್ಡ್‌ಸಭೆ ಹಾಗೂ ಪಂಚಾಯತ್‌ನ ಸಾಮಾನ್ಯ ಸಭೆಗಳು ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲ. ಅವುಗಳ ಕೋರಂ, ನೋಟಿಸು ಮತ್ತು ನಡವಳಿಗಳಿಗೆ ಅಧಿನಿಯಮದ ನಿಯಮಗಳೇ ಅಂತಿಮ. ಇಲ್ಲಿ ಹೇಳುತ್ತಿರುವುದು ಸಂಜೀವಿನಿ ಒಕ್ಕೂಟ, ಸ್ತ್ರೀಶಕ್ತಿ ಗುಂಪು, ನೀರು ಮತ್ತು ನೈರ್ಮಲ್ಯ ಸಮಿತಿ, ಶಾಲಾಭಿವೃದ್ಧಿ ಸಮಿತಿ, ಕೃಷಿಕರ ಗುಂಪು ಮೊದಲಾದವುಗಳು ತಮ್ಮೊಳಗೆ ನಡೆಸುವ ಸಭೆಗಳ ಕುರಿತು.

ಉಚಿತ ಎಂಬುದೂ ಸ್ವತಂತ್ರ ಎಂಬುದೂ ಒಂದಲ್ಲ

ಸಾಮಾನ್ಯವಾಗಿ ಬಳಕೆಯಲ್ಲಿರುವ ಜೂಮ್‌ನ ಉಚಿತ ಆವೃತ್ತಿಯಲ್ಲಿ ಗುಂಪು ಸಭೆ 40 ನಿಮಿಷಗಳಿಗೆ ಮುಗಿಯುತ್ತದೆ. ಗೂಗಲ್ ಮೀಟ್‌ನಲ್ಲಿ ಮೂವರು ಅಥವಾ ಹೆಚ್ಚು ಜನರಿದ್ದರೆ ಮಿತಿ 60 ನಿಮಿಷ. ಕೋವಿಡ್ ಕಾಲದಲ್ಲಿ ಈ ಮಿತಿಗಳು ಕೆಲಕಾಲ ಸಡಿಲಗೊಂಡು ಮತ್ತೆ ಬಿಗಿಯಾದುದನ್ನು ಗಮನಿಸಿದವರಿಗೆ ವಿಷಯ ಅರ್ಥವಾದೀತು: ಉಚಿತವಾಗಿ ಕೊಡುವವನು ತನಗೆ ಬೇಕಾದಾಗ ನಿಯಮ ಬದಲಿಸಬಲ್ಲ. ನಮ್ಮ ಒಕ್ಕೂಟದ ಸಭೆ ಸ್ವಾಗತ, ಹಿಂದಿನ ವರದಿ ಮತ್ತು ಲೆಕ್ಕಪತ್ರ ಮುಗಿಯುವಾಗಲೇ 40 ನಿಮಿಷ ದಾಟುತ್ತದೆ. ನಿಜವಾದ ಚರ್ಚೆ ಆರಂಭವಾಗುವುದು ಅನಂತರ.

ಸ್ವತಂತ್ರ ತಂತ್ರಾಂಶವೆಂದರೆ ಬೆಲೆಯ ಮಾತಲ್ಲ, ಹಕ್ಕಿನ ಮಾತು. ರಿಚರ್ಡ್ ಸ್ಟಾಲ್ಮನ್ ಅವರು 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿ, 1985ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಸ್ಥಾಪಿಸಿದಾಗಿನಿಂದ ಬೆಳೆದು ಬಂದ ವಿಚಾರವಿದು. ತಂತ್ರಾಂಶವನ್ನು ಯಾವುದೇ ಉದ್ದೇಶಕ್ಕೆ ಬಳಸುವ, ಅದರ ಆಕರ ಸಂಕೇತವನ್ನು ಓದಿ ತಿಳಿದುಕೊಳ್ಳುವ, ತಿದ್ದುವ ಮತ್ತು ಇತರರಿಗೆ ಹಂಚುವ ಹಕ್ಕು ಬಳಕೆದಾರನಿಗೆ ಇದ್ದರೆ ಅದು ಸ್ವತಂತ್ರ ತಂತ್ರಾಂಶ. ನಮ್ಮಲ್ಲಿ ಯಾರೂ ಆಕರ ಸಂಕೇತವನ್ನು ಓದಲು ಕುಳಿತುಕೊಳ್ಳುವುದಿಲ್ಲ ಎಂಬುದು ನಿಜ. ಆದರೆ ಪಂಚಾಯತ್‌ನ ಲೆಕ್ಕಪತ್ರವನ್ನೂ ಎಲ್ಲ ಗ್ರಾಮಸ್ಥರು ಓದುವುದಿಲ್ಲ. ಓದಲು ಬಯಸುವವನಿಗೆ ಅದು ತೆರೆದಿರಬೇಕು ಎಂಬ ಕಾರಣಕ್ಕೇ ಜಮಾಬಂದಿ ನಡೆಯುತ್ತದೆ. ಇಲ್ಲಿಯೂ ತತ್ವ ಅದೇ.

ಸರ್ಕಾರದ ನಿಲುವೂ ಇದಕ್ಕೆ ವಿರುದ್ಧವಾಗಿಲ್ಲ. ಕೇಂದ್ರ ಸರ್ಕಾರವು 2015ರಲ್ಲಿ ಮುಕ್ತ ಆಕರ ತಂತ್ರಾಂಶ ಅಳವಡಿಕೆ ನೀತಿಯನ್ನು ಪ್ರಕಟಿಸಿ, ಇ-ಆಡಳಿತ ವ್ಯವಸ್ಥೆಗಳಲ್ಲಿ ಅಂತಹ ತಂತ್ರಾಂಶಕ್ಕೆ ಆದ್ಯತೆ ನೀಡಬೇಕೆಂದೂ, ಕೈಬಿಡುವುದಾದರೆ ಕಾರಣ ನೀಡಬೇಕೆಂದೂ ಹೇಳಿದೆ. 2020ರ ಏಪ್ರಿಲ್‌ನಲ್ಲಿ ಕೇಂದ್ರ ಗೃಹ ಸಚಿವಾಲಯವು ಜೂಮ್ ಸುರಕ್ಷಿತ ವೇದಿಕೆಯಲ್ಲವೆಂದು ಸಲಹೆ ಹೊರಡಿಸಿತು. ಅದೇ ವರ್ಷ ಸ್ವದೇಶಿ ವಿಡಿಯೊ ಕಾನ್ಫರೆನ್ಸ್ ತಂತ್ರಾಂಶಕ್ಕಾಗಿ ನಡೆದ ಸ್ಪರ್ಧೆಯಲ್ಲಿ ಕೇರಳದ ಆಲಪ್ಪುಳದ ಟೆಕ್‌ಜೆನ್‌ಶಿಯಾ ಸಂಸ್ಥೆಯ ವಿ-ಕನ್ಸೋಲ್ ಆಯ್ಕೆಯಾಗಿ ಒಂದು ಕೋಟಿ ರೂಪಾಯಿ ಪಡೆಯಿತು. ಸ್ವದೇಶಿ ಎಂದ ಮಾತ್ರಕ್ಕೆ ಸ್ವತಂತ್ರ ತಂತ್ರಾಂಶವಾಗುವುದಿಲ್ಲ ಎಂಬುದನ್ನೂ ಇಲ್ಲಿ ನೆನಪಿಡಬೇಕು. ಇವೆರಡೂ ಬೇರೆ ಬೇರೆ ಗುಣಗಳು.

ಇದು ಪಟ್ಟಣದವರ ಆದರ್ಶ, ಹಳ್ಳಿಗೆ ಒಗ್ಗದು ಎಂಬ ಮಾತನ್ನು ನಾನು ಕೇಳಿದ್ದೇನೆ. ಜಾಲ್ಸೂರಿನಿಂದ ಮುಂದೆ ಸಾಗಿ ಗಡಿ ದಾಟಿದರೆ ಕಾಸರಗೋಡು ಜಿಲ್ಲೆ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳೂ ಸೇರಿದಂತೆ ಕೇರಳದ ಸಾರ್ವಜನಿಕ ಶಾಲೆಗಳ ವಿದ್ಯಾರ್ಥಿಗಳು ವರ್ಷಗಳಿಂದ ಕೈಟ್ ಸಂಸ್ಥೆಯ ಗ್ನೂ/ಲಿನಕ್ಸ್ ವ್ಯವಸ್ಥೆಯಲ್ಲೇ ಗಣಕಯಂತ್ರ ಕಲಿಯುತ್ತಿದ್ದಾರೆ.

ಆಯ್ಕೆಗೆ ಮುನ್ನ ಲೆಕ್ಕ

ತಂತ್ರಾಂಶದ ಹೆಸರಿಗಿಂತ ಮೊದಲು ನಮ್ಮ ಜಾಲಸಂಪರ್ಕದ ಲೆಕ್ಕ ಹಾಕುವುದು ಲೇಸು. 2021ರ ಜೂನ್‌ನಲ್ಲಿ ನಮ್ಮದೇ ತಾಲ್ಲೂಕಿನಲ್ಲಿ, ರಸ್ತೆ ಬದಿಯಲ್ಲಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಮಳೆಯಲ್ಲಿ ಕೊಡೆ ಹಿಡಿದು ನಿಂತ ಚಿತ್ರ ದೇಶದಾದ್ಯಂತ ಹರಿದಾಡಿತು. ಟವರ್‌ಗಳು ಅನಂತರ ಹೆಚ್ಚಿರಬಹುದು. ವಿದ್ಯುತ್ ಹೋದೊಡನೆ ಸಿಗ್ನಲ್ ಹೋಗುವ ಬೈಲುಗಳು ಇನ್ನೂ ಇವೆ.

ಧ್ವನಿಯೊಂದಕ್ಕೇ ಸೆಕೆಂಡಿಗೆ ಸುಮಾರು 40 ಕಿಲೋಬಿಟ್ ಸಾಕು. ಗಂಟೆಗೆ 18 ಎಂಬಿ. ಅಂಚೆಚೀಟಿಯಷ್ಟು ಸಣ್ಣ ಚಿತ್ರಕ್ಕೆ ಸುಮಾರು 200 ಕಿಲೋಬಿಟ್ ಬೇಕು. ಗಂಟೆಗೆ 90 ಎಂಬಿ. ಮುಖ ಸ್ಪಷ್ಟವಾಗಿ ಕಾಣುವ ಮಧ್ಯಮ ಚಿತ್ರಕ್ಕೆ 500 ಕಿಲೋಬಿಟ್, ಅಂದರೆ ಗಂಟೆಗೆ 225 ಎಂಬಿ. ಎಚ್‌ಡಿ ಚಿತ್ರಕ್ಕೆ 2.5 ಮೆಗಾಬಿಟ್‌ವರೆಗೂ ಹೋಗುತ್ತದೆ. ಗಂಟೆಗೆ ಒಂದು ಜಿಬಿಯನ್ನು ಮೀರುತ್ತದೆ.

ಈಗ ಹನ್ನೆರಡು ಸದಸ್ಯೆಯರ ಒಂದು ಗುಂಪನ್ನು ಊಹಿಸಿಕೊಳ್ಳಿ. ಎಲ್ಲರೂ ಕ್ಯಾಮೆರಾ ತೆರೆದಿಟ್ಟರೆ ಪ್ರತಿಯೊಬ್ಬರ ಫೋನಿಗೂ ಉಳಿದ ಹನ್ನೊಂದು ಮಂದಿಯ ಸಣ್ಣ ಚಿತ್ರಗಳು ಬರಬೇಕು. ಹನ್ನೊಂದು ತೊಂಬತ್ತಲಿ 990 ಎಂಬಿ; ತನ್ನ ಚಿತ್ರ ಕಳುಹಿಸುವುದು ಬೇರೆ. ದಿನಕ್ಕೆ ಒಂದೂವರೆ ಜಿಬಿಯ ರೀಚಾರ್ಜ್ ಮಾಡಿಸಿದ ಮನೆಯಲ್ಲಿ ಒಂದೇ ಸಭೆಗೆ ಮೂರನೇ ಎರಡರಷ್ಟು ಡೇಟಾ ಮುಗಿದು, ಸಂಜೆ ಮಕ್ಕಳ ಪಾಠಕ್ಕೆ ಉಳಿಯುವುದು ಅಲ್ಪ. ಮಾತನಾಡುವವರ ಕ್ಯಾಮೆರಾ ಮಾತ್ರ ತೆರೆದಿದ್ದರೆ ಇದೇ ಸಭೆ 250 ಎಂಬಿಯೊಳಗೆ ಮುಗಿಯುತ್ತದೆ. ಯಾರೂ ಕ್ಯಾಮೆರಾ ತೆರೆಯದಿದ್ದರೆ ಖರ್ಚು ಲೆಕ್ಕಕ್ಕೇ ಬಾರದು. ಯಾವ ತಂತ್ರಾಂಶವನ್ನು ಆರಿಸಿದರೂ ಈ ಒಂದು ಶಿಸ್ತು ಪಾಲಿಸಿದರೆ ಅರ್ಧ ಸಮಸ್ಯೆ ತೀರಿತು.

ಸಭೆಯ ಸಮಯದ ಬಗ್ಗೆಯೂ ಒಂದು ಮಾತು. ಸಂಜೆ ಏಳರ ಬಳಿಕ ಊರಿನವರೆಲ್ಲ ಒಂದೇ ಟವರ್‌ನ ಮೇಲೆ ಹೊರೆ ಹಾಕುತ್ತಾರೆ. ಬೆಳಿಗ್ಗೆ ಹಾಲು ಕೊಟ್ಟು ಬಂದ ಮೇಲೆ ಅಥವಾ ಮಧ್ಯಾಹ್ನ ಊಟದ ನಂತರ ಮೂರು ಗಂಟೆಯ ಹೊತ್ತು ಜಾಲಕ್ಕೂ ಮನೆಯವರಿಗೂ ಅನುಕೂಲ.

ಜಿಟ್ಸಿ ಮೀಟ್

ನಮ್ಮ ಗುಂಪುಗಳಿಗೆ ಮೊದಲ ಆಯ್ಕೆಯಾಗಿ ನಾನು ಸೂಚಿಸುವುದು ಜಿಟ್ಸಿ ಮೀಟ್. ಬಲ್ಗೇರಿಯಾ ಮೂಲದ ಎಮಿಲ್ ಇವೊವ್ ಅವರು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಯಾಗಿದ್ದಾಗ 2003ರಲ್ಲಿ ಆರಂಭಿಸಿದ ಕೆಲಸವಿದು. ಜಿಟ್ಸಿ ಎಂದರೆ ಬಲ್ಗೇರಿಯನ್ ಭಾಷೆಯಲ್ಲಿ ತಂತಿಗಳು. 2015ರಲ್ಲಿ ಅಟ್ಲಾಸಿಯನ್, 2018ರಲ್ಲಿ ಎಯ್ಟ್-ಬೈ-ಎಯ್ಟ್ ಎಂಬ ಕಂಪನಿಗಳ ಕೈ ಸೇರಿದರೂ ತಂತ್ರಾಂಶವು ಅಪಾಚೆ ಪರವಾನಗಿಯಡಿ ಎಲ್ಲರಿಗೂ ಮುಕ್ತವಾಗಿಯೇ ಇದೆ.

ಸಭೆಗೆ ಸೇರುವ ಸದಸ್ಯರಿಗೆ ಖಾತೆ ಬೇಡ, ಇ-ಮೇಲ್ ಬೇಡ. ಲಿಂಕ್ ಒತ್ತಿ, ಹೆಸರು ಬರೆದು ಒಳಬರಬಹುದು. ಗಣಕಯಂತ್ರವಾದರೆ ಕ್ರೋಮ್ ಅಥವಾ ಫೈರ್‌ಫಾಕ್ಸ್ ಸಾಕು. ಫೋನಿಗೆ ಪ್ರತ್ಯೇಕ ಆ್ಯಪ್ ಇದೆ. ಅದರ ಕೆಲಸದ ವಿಧಾನವನ್ನು ಹೀಗೆ ತಿಳಿಯಬಹುದು: ಆಮಂತ್ರಣವನ್ನು ಹನ್ನೊಂದು ಮನೆಗೂ ನಾವೇ ಹೊತ್ತು ಹಂಚುವ ಬದಲು ಒಂದು ಪ್ರತಿಯನ್ನು ಕಚೇರಿಗೆ ಕೊಟ್ಟರೆ, ಕಚೇರಿಯೇ ನಕಲು ಮಾಡಿ ಹಂಚುತ್ತದೆ. ಜಿಟ್ಸಿಯ ಸರ್ವರ್ ಮಾಡುವುದು ಅದನ್ನೇ. ಹಾಗಾಗಿ ಕಳುಹಿಸುವ ಹೊರೆ ಫೋನಿನ ಮೇಲೆ ಬೀಳುವುದಿಲ್ಲ. ಸ್ವೀಕರಿಸುವ ಕಡೆ ದುರ್ಬಲ ಸಂಪರ್ಕವಿದ್ದರೆ ಅವರಿಗೆ ಸಣ್ಣ ಚಿತ್ರವನ್ನೇ ಕಳುಹಿಸುವ ಜಾಣತನವೂ ಅದಕ್ಕಿದೆ; ಫೋನಿನಲ್ಲಿ ಕಡಿಮೆ ಡೇಟಾದ ಸ್ಥಿತಿಯನ್ನು ನಾವೇ ಆರಿಸಿಕೊಳ್ಳಲೂಬಹುದು.

ಆದರೆ 2023ರ ಆಗಸ್ಟ್‌ನಿಂದ ಒಂದು ಬದಲಾವಣೆಯಾಗಿದೆ. ಜಿಟ್ಸಿಯ ಸಾರ್ವಜನಿಕ ತಾಣದಲ್ಲಿ ಸಭೆ ಆರಂಭಿಸುವವರು ಗೂಗಲ್, ಗಿಟ್‌ಹಬ್ ಅಥವಾ ಫೇಸ್‌ಬುಕ್ ಖಾತೆಯ ಮೂಲಕ ಪ್ರವೇಶಿಸಬೇಕು. ದುರುಪಯೋಗ ತಡೆಯಲು ಹೀಗೆ ಮಾಡಲಾಗಿದೆ. ಒಕ್ಕೂಟದ ಮುಖ್ಯ ಪುಸ್ತಕ ಬರಹಗಾರರೊಬ್ಬರಿಗೆ ಅಂತಹ ಖಾತೆ ಇದ್ದರೆ ಸಾಕು. ಉಳಿದವರಿಗೆ ಅದರ ಅಗತ್ಯವಿಲ್ಲ. ಈ ಪ್ರಸಂಗದಿಂದ ತಿಳಿಯಬೇಕಾದುದು ಬೇರೊಂದಿದೆ. ತಂತ್ರಾಂಶ ಬೇರೆ, ಅದನ್ನು ನಡೆಸುವ ಸೇವೆ ಬೇರೆ. ಸೇವೆಯ ನಿಯಮ ಹಿಡಿಸದಿದ್ದರೆ ಅದೇ ತಂತ್ರಾಂಶವನ್ನು ಬೇರೆ ಸರ್ವರ್‌ನಲ್ಲಿ ನಡೆಸುವ ಹಕ್ಕು ನಮಗೆ ಉಳಿದಿದೆ; ಜೂಮ್‌ನ ನಿಯಮ ಹಿಡಿಸದಿದ್ದರೆ ನಮಗೆ ಅಂತಹ ದಾರಿಯಿಲ್ಲ. ಭಾರತದಲ್ಲಿ ಸ್ವತಂತ್ರ ತಂತ್ರಾಂಶ ಸಮುದಾಯಗಳು ಸ್ವಯಂಸೇವೆಯಿಂದ ನಡೆಸುವ ಜಿಟ್ಸಿ ಸರ್ವರ್‌ಗಳು ಇವೆ. ಸ್ವಯಂಸೇವೆಯ ಸರ್ವರ್ ನಮ್ಮ ಸಭೆಯ ದಿನವೇ ದುರಸ್ತಿಯಲ್ಲಿದ್ದರೆ ದೂರುವಂತಿಲ್ಲ ಎಂಬ ಮಿತಿಯನ್ನು ಒಪ್ಪಿಕೊಂಡು ಬಳಸಬೇಕು.

ಒಂದೊಂದು ಗ್ರಾಮ ಪಂಚಾಯತ್ ತನ್ನದೇ ಸರ್ವರ್ ಇಟ್ಟುಕೊಳ್ಳಬೇಕೇ? ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ತಂತ್ರಾಂಶಕ್ಕೆ ಬೆಲೆಯಿಲ್ಲ, ಸರ್ವರ್ ಬಾಡಿಗೆ, ಜಾಲತಾಣದ ಹೆಸರಿನ ನವೀಕರಣ, ಕಾಲಕಾಲಕ್ಕೆ ಸುರಕ್ಷತಾ ಪರಿಷ್ಕರಣೆ ಇವುಗಳಿಗೆ ಹಣವೂ ಬೇಕು, ಒಬ್ಬ ಹೊಣೆಗಾರನೂ ಬೇಕು. ಕಚೇರಿಯ ಮೂಲೆಯಲ್ಲಿ ಧೂಳು ಹಿಡಿದ ಯುಪಿಎಸ್‌ಗಳನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ. ಆದರೆ ತಾಲ್ಲೂಕು ಅಥವಾ ಜಿಲ್ಲಾ ಮಟ್ಟದಲ್ಲಿ ಒಂದು ಸರ್ವರ್ ಇದ್ದರೆ ಲೆಕ್ಕ ಬೇರೆ. ನಾಲ್ಕು ಕೋರ್‌ನ ಸಂಸ್ಕಾರಕ, ಎಂಟು ಜಿಬಿ ಸ್ಮೃತಿ ಮತ್ತು ಒಳ್ಳೆಯ ಜಾಲಸಂಪರ್ಕವಿರುವ ಒಂದು ಯಂತ್ರದಲ್ಲಿ ಸಣ್ಣ ಗುಂಪುಗಳ ಹಲವು ಸಭೆಗಳು ಏಕಕಾಲಕ್ಕೆ ನಡೆಯಬಲ್ಲವು. ಇಂತಹ ಬೇಡಿಕೆಯನ್ನು ಸದಸ್ಯರು ನಿರ್ಣಯದ ಮೂಲಕ ಮೇಲಿನ ಹಂತಕ್ಕೆ ಸಲ್ಲಿಸುವುದು ಸೂಕ್ತ.

ಇತರ ಆಯ್ಕೆಗಳು

ಸಿಗ್ನಲ್ ಆ್ಯಪ್ ಕೂಡ ಸ್ವತಂತ್ರ ತಂತ್ರಾಂಶ. ಹತ್ತರಿಂದ ಇಪ್ಪತ್ತು ಮಂದಿಯ ಸ್ವಸಹಾಯ ಗುಂಪಿನ ಕರೆಗೆ ಅದು ಧಾರಾಳವಾಗಿ ಸಾಕು. ಮಾತು ಮತ್ತು ಚಿತ್ರ ಒಂದು ಫೋನಿನಿಂದ ಇನ್ನೊಂದು ಫೋನಿನವರೆಗೂ ಗೂಢಲಿಪಿಯಲ್ಲೇ ಸಾಗುವುದರಿಂದ ನಡುವಿನ ಸರ್ವರ್‌ನವರಿಗೂ ಕೇಳಿಸದು. ಜಿಟ್ಸಿಯಲ್ಲಿ ಈ ಸೌಲಭ್ಯವನ್ನು ಪ್ರತ್ಯೇಕವಾಗಿ ತೆರೆಯಬೇಕಾಗುತ್ತದೆ, ಎಲ್ಲ ಬ್ರೌಸರ್‌ಗಳಲ್ಲಿ ಅದು ಕೆಲಸ ಮಾಡದು. ಸಾಲ ಬಾಕಿ, ಕೌಟುಂಬಿಕ ದೌರ್ಜನ್ಯ ಮುಂತಾದ ಸೂಕ್ಷ್ಮ ವಿಷಯಗಳ ಮಾತುಕತೆಗೆ ಸಿಗ್ನಲ್ ಒಳ್ಳೆಯದು. ತೊಡಕೆಂದರೆ ಪ್ರತಿಯೊಬ್ಬರೂ ಆ್ಯಪ್ ಹಾಕಿಕೊಂಡು ಮೊಬೈಲ್ ಸಂಖ್ಯೆಯನ್ನು ನೋಂದಾಯಿಸಬೇಕು.

ಎಲ್ಲರ ಫೋನಿನಲ್ಲಿ ಈಗಾಗಲೇ ವಾಟ್ಸ್‌ಆ್ಯಪ್ ಇರುವಾಗ ಇದೆಲ್ಲ ಏಕೆ ಎಂದು ಕೇಳಬಹುದು. ಐದಾರು ಮಂದಿ ತುರ್ತಾಗಿ ಹತ್ತು ನಿಮಿಷ ಮಾತನಾಡಬೇಕಾದರೆ ವಾಟ್ಸ್‌ಆ್ಯಪ್ ಕರೆಯೇ ಸಾಕು. ಅದನ್ನು ಬಿಡಿಸಲು ಹೋಗುವುದು ವ್ಯರ್ಥ ಶ್ರಮ. ಆದರೆ ಸಭೆಯೆಂದರೆ ಒಬ್ಬರು ನಡೆಸುವ, ಸರದಿಯಂತೆ ಮಾತನಾಡುವ, ಪರದೆಯ ಮೇಲೆ ಲೆಕ್ಕ ತೋರಿಸುವ ವ್ಯವಸ್ಥೆ. ಅದಕ್ಕೆ ಕೈ ಎತ್ತುವ ಗುಂಡಿ, ಅಪರಿಚಿತರನ್ನು ಹೊರಗೆ ಕಾಯಿಸುವ ಬಾಗಿಲು, ಎಲ್ಲರ ಧ್ವನಿಯನ್ನೂ ಒಮ್ಮೆಗೇ ಮುಚ್ಚುವ ಅಧಿಕಾರ ಬೇಕಾಗುತ್ತದೆ.

ಬಿಗ್ ಬ್ಲೂ ಬಟನ್ ಎಂಬುದು ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾನಿಲಯದಲ್ಲಿ 2007ರಲ್ಲಿ ಹುಟ್ಟಿದ ಬೋಧನಾ ತಂತ್ರಾಂಶ. ಬರೆಯುವ ಹಲಗೆ, ಮತ ಎಣಿಕೆ, ಹಂಚಿಕೊಂಡ ಟಿಪ್ಪಣಿ ಎಲ್ಲವೂ ಇವೆ. ತರಬೇತಿಗಳಿಗೆ ಉತ್ತಮ, ಸರ್ವರ್ ಮಾತ್ರ ದೊಡ್ಡದು ಬೇಕು. ಆದ್ದರಿಂದ ಗುಂಪಿನ ಮಟ್ಟಕ್ಕೆ ನಾನು ಶಿಫಾರಸು ಮಾಡುವುದಿಲ್ಲ. ಸರ್ವರ್ ಇಲ್ಲದೆ ಫೋನಿನಿಂದ ಫೋನಿಗೆ ಸಾಗುವ ಜಾಮಿ, ಧ್ವನಿಗಷ್ಟೇ ಮೀಸಲಾದ ಮಂಬಲ್ ಕೂಡ ಸ್ವತಂತ್ರ ತಂತ್ರಾಂಶಗಳೇ. ಮಂಬಲ್ ಅತಿ ದುರ್ಬಲ ಸಂಪರ್ಕದಲ್ಲೂ ಮಾತು ಮುಟ್ಟಿಸುತ್ತದೆ. ಅದರ ಸರ್ವರ್ ನಡೆಸುವವರು ಯಾರಾದರೂ ಬೇಕು.

ಕೀಪ್ಯಾಡ್ ಫೋನ್ ಮಾತ್ರ ಇರುವವರನ್ನು ಮರೆಯಬಾರದು. ಸಾಮಾನ್ಯ ಕಾನ್ಫರೆನ್ಸ್ ಕರೆಯಲ್ಲಿ ಕರೆ ಮಾಡುವವರೂ ಸೇರಿ ಆರು ಮಂದಿ ಮಾತನಾಡಬಹುದು, ಡೇಟಾ ಬೇಕಿಲ್ಲ. ಅಥವಾ ಅವರಿಗೆ ಕರೆ ಮಾಡಿ ಸ್ಪೀಕರ್ ಹಾಕಿ, ಸಭೆ ನಡೆಯುತ್ತಿರುವ ಲ್ಯಾಪ್‌ಟಾಪ್‌ನ ಪಕ್ಕದಲ್ಲಿ ಫೋನ್ ಇಡಬಹುದು. ಒರಟು ಉಪಾಯವೇ ಸರಿ, ಆದರೆ ಕೆಲಸ ನಡೆಯುತ್ತದೆ.

ಸದಸ್ಯೆಯರ ಮಾನ ಮತ್ತು ಹಣ

ಈ ಭಾಗವನ್ನು ದಯವಿಟ್ಟು ಗುಂಪುಗಳಲ್ಲಿ ಓದಿ ಹೇಳಬೇಕೆಂದು ಕೋರುತ್ತೇನೆ.

ಜಿಟ್ಸಿಯಲ್ಲಿ ಸಭೆಯ ಹೆಸರೇ ಬಾಗಿಲು. ‘ಸಂಜೀವಿನಿ’ ಎಂದೋ ‘ಕೊಲ್ಲಮೊಗ್ರು’ ಎಂದೋ ಹೆಸರಿಟ್ಟರೆ ಅದೇ ಪದವನ್ನು ಬರೆದ ಯಾರಾದರೂ ಒಳಬರಬಹುದು. ಊಹಿಸಲಾಗದಂತೆ ಮೂರು ನಾಲ್ಕು ಪದಗಳನ್ನು ಮತ್ತು ಅಂಕಿಗಳನ್ನು ಜೋಡಿಸಿ ಹೆಸರಿಡಿ, ಗುಪ್ತಪದ ಹಾಕಿ, ಕಾಯುವ ಕೊಠಡಿಯನ್ನು ತೆರೆಯಿರಿ. ಕಾಯುವವರ ಹೆಸರು ಗುಂಪಿನ ಪಟ್ಟಿಯಲ್ಲಿ ಇದ್ದರೆ ಮಾತ್ರ ಒಳಬಿಡಿ. ಲಿಂಕನ್ನು ಊರಿನ ದೊಡ್ಡ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ.

ಯಾವ ತಂತ್ರಾಂಶವೂ ಪರದೆಯ ಚಿತ್ರ ತೆಗೆಯುವುದನ್ನು ಸಂಪೂರ್ಣ ತಡೆಯಲಾರದು. ಆದ್ದರಿಂದ ಕ್ಯಾಮೆರಾ ತೆರೆಯುವುದು ಸದಸ್ಯೆಯ ಇಷ್ಟಕ್ಕೆ ಬಿಟ್ಟದ್ದು ಎಂದು ಆರಂಭದಲ್ಲೇ ತಿಳಿಸಬೇಕು. ಹಾಜರಾತಿಗೆ ಮುಖ ತೋರಿಸಲೇಬೇಕೆಂದು ಒತ್ತಾಯಿಸಕೂಡದು. ಧ್ವನಿಯಿಂದಲೇ ಗುರುತಿಸುವಷ್ಟು ಪರಿಚಯ ನಮ್ಮ ಗುಂಪುಗಳಲ್ಲಿ ಇದೆ. ಎಲ್ಲರ ಒಪ್ಪಿಗೆಯಿಲ್ಲದೆ ಸಭೆಯನ್ನು ಮುದ್ರಿಸಿಕೊಳ್ಳಬಾರದು. ಪರದೆ ಹಂಚಿಕೊಳ್ಳುವ ಮುನ್ನ ಫೋನಿನ ಸೂಚನೆಗಳನ್ನು ಮುಚ್ಚಬೇಕು. ಲೆಕ್ಕ ತೋರಿಸುತ್ತಿರುವಾಗ ಬ್ಯಾಂಕಿನ ಓಟಿಪಿ ಮೇಲೆ ಬಂದು ನಿಂತರೆ ಅದು ಎಲ್ಲರಿಗೂ ಕಾಣುತ್ತದೆ. ಖಾತೆ ಸಂಖ್ಯೆ, ಆಧಾರ್ ಸಂಖ್ಯೆಗಳನ್ನು ಸಭೆಯಲ್ಲಿ ಗಟ್ಟಿಯಾಗಿ ಓದಬಾರದು.

ಇನ್ನೊಂದು ಸಂಗತಿಗೆ ಯಾವ ಸರ್ವರ್‌ನಲ್ಲೂ ಪರಿಹಾರವಿಲ್ಲ. ಅನೇಕ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇರುವುದು ಗಂಡನ ಅಥವಾ ಮಗನ ಕೈಯಲ್ಲಿ. ಅಂಗನವಾಡಿಯ ಜಗಲಿಯಲ್ಲಿ ಕುಳಿತು ಬಾಯಿಬಿಟ್ಟು ಹೇಳುವ ಕಷ್ಟವನ್ನು ಮನೆಯವರೆಲ್ಲ ಕೇಳುವಂತೆ ಚಾವಡಿಯಲ್ಲಿ ಕುಳಿತು ಯಾವ ಅಕ್ಕನೂ ಹೇಳುವುದಿಲ್ಲ. ಆಕೆ ಸಭೆಯಲ್ಲಿ ಹಾಜರಿದ್ದಾಳೆ, ಆದರೆ ಭಾಗವಹಿಸಿಲ್ಲ. ಆದುದರಿಂದ ಮನೆಗೊಂದು ಫೋನ್ ಎಂಬುದಕ್ಕಿಂತ ಬೈಲಿಗೊಂದು ಫೋನ್ ಎಂಬ ಕ್ರಮ ನಮಗೆ ಹೆಚ್ಚು ಹೊಂದುತ್ತದೆ. ಹೊಳೆಯ ಆಚೆಗಿನ ನಾಲ್ಕೈದು ಸದಸ್ಯೆಯರು ಒಂದು ಮನೆಯಲ್ಲೋ ಅಂಗನವಾಡಿಯಲ್ಲೋ ಸೇರಿ ಒಂದೇ ಫೋನಿನಿಂದ ಸಭೆಗೆ ಕೂಡಿಕೊಳ್ಳುವುದು. ಈಚೆ ಕಡೆಯವರು ಅರಿವು ಕೇಂದ್ರದಲ್ಲಿ ಸ್ಮಾರ್ಟ್ ಟಿವಿ ಇದ್ದರೆ ಅದಕ್ಕೆ ಲ್ಯಾಪ್‌ಟಾಪ್ ಜೋಡಿಸಿ ಕುಳಿತುಕೊಳ್ಳುವುದು. ಹನ್ನೆರಡು ಸಂಪರ್ಕಗಳ ಬದಲು ಮೂರು ಸಂಪರ್ಕಗಳಲ್ಲಿ ಸಭೆ ಮುಗಿಯುತ್ತದೆ, ಡೇಟಾ ಉಳಿಯುತ್ತದೆ, ಮಾತೂ ಬಿಚ್ಚಿಕೊಳ್ಳುತ್ತದೆ. ಅರೆಭಾಷೆ, ತುಳು, ಕನ್ನಡ ಯಾವುದರಲ್ಲಿ ಬೇಕಾದರೂ ಮಾತನಾಡಬಹುದೆಂದು ಅಧ್ಯಕ್ಷೆಯವರು ಮೊದಲೇ ಹೇಳಿದರೆ ಒಳ್ಳೆಯದು. ಕ್ಯಾಮೆರಾ ಕಂಡೊಡನೆ ಪುಸ್ತಕದ ಕನ್ನಡಕ್ಕೆ ತಡಕಾಡಿ ಸುಮ್ಮನಾಗುವವರು ಹಲವರು.

ಕೃಷಿಕರ ಗುಂಪಿನವರಿಗೆ ಒಂದು ಸೂಚನೆ: ಅಡಿಕೆಯ ಎಲೆಚುಕ್ಕಿ ರೋಗದ ಚರ್ಚೆಯಲ್ಲಿ ಸೋಗೆಯನ್ನು ಕ್ಯಾಮೆರಾಕ್ಕೆ ಹಿಡಿದು ತೋರಿಸುವುದು ಪ್ರಯೋಜನವಿಲ್ಲ. ಚುಕ್ಕಿಯ ವಿವರ ಸಣ್ಣ ಚಿತ್ರದಲ್ಲಿ ಕರಗಿಹೋಗುತ್ತದೆ. ಹಗಲು ಬೆಳಕಿನಲ್ಲಿ ತೆಗೆದ ಫೋಟೊವನ್ನು ಮುಂಚಿತವಾಗಿ ಕಳುಹಿಸಿ, ಸಭೆಯಲ್ಲಿ ಮಾತು ಮಾತ್ರ ಆಡಿದರೆ ಅಧಿಕಾರಿಗಳಿಗೂ ರೋಗ ಗುರುತಿಸಲು ಸುಲಭ.

ನಡವಳಿ ಪುಸ್ತಕ

ಸಭೆ ವಿಡಿಯೊದಲ್ಲಿ ನಡೆದರೂ ನಡವಳಿ ಪುಸ್ತಕದಲ್ಲೇ ದಾಖಲಾಗಬೇಕು. ಯಾವ ತಂತ್ರಾಂಶ ಬಳಸಲಾಯಿತು, ಯಾರು ಖುದ್ದಾಗಿ, ಯಾರು ಯಾವ ಸ್ಥಳದಿಂದ ಫೋನಿನಲ್ಲಿ ಹಾಜರಿದ್ದರು, ಯಾರ ಸಂಪರ್ಕ ನಡುವೆ ಕಡಿದುಹೋಯಿತು ಎಂಬುದನ್ನು ಬರೆಯಬೇಕು. ಹಣಕಾಸಿನ ನಿರ್ಣಯವನ್ನು ಪೂರ್ತಿಯಾಗಿ ಓದಿ, ಒಬ್ಬೊಬ್ಬರ ಹೆಸರು ಕರೆದು ಒಪ್ಪಿಗೆ ಕೇಳಬೇಕು. ಸಂಪರ್ಕ ಕಡಿದವರ ಮೌನವನ್ನು ಒಪ್ಪಿಗೆ ಎಂದು ಬರೆಯುವಂತಿಲ್ಲ. ಅಂತಹವರನ್ನು ಅದೇ ದಿನ ದೂರವಾಣಿಯಲ್ಲಿ ಕೇಳಿ, ಕೇಳಿದ ಸಮಯ ಸಹಿತ ನಮೂದಿಸಬೇಕು. ಫೋನಿನಲ್ಲಿ ಹಾಜರಿದ್ದವರ ಹೆಸರಿನ ಮುಂದೆ ಸಹಿಗೆ ಜಾಗ ಬಿಟ್ಟು, ಮುಂದಿನ ಬಾರಿ ಅವರು ಖುದ್ದಾಗಿ ಬಂದಾಗ ನಡವಳಿಯನ್ನು ಓದಿ ಹೇಳಿ ಸಹಿ ಪಡೆಯತಕ್ಕದ್ದು. ಅವರ ಪರವಾಗಿ ಮನೆಯವರ ಸಹಿಯನ್ನು ಸ್ವೀಕರಿಸಬಾರದು.